ಕರ್ನಲ್ ಸಾಹೇಬರ ಮೂಗು

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಕರ್ನಲ್ ಸಾಹೇಬರು ಕರ್ನಲ್ ಆಗಿರಲಿಲ್ಲ. ಸೇನೆಯಲ್ಲಿ ಅವರು ಓಡಿಸಿದ್ದು ಲಾರಿ. ಹಿಟ್ಟು, ಎಣ್ಣೆ, ಆಲೂಗಡ್ಡೆ, ಕಂಬಳಿ, ಊರಿನಿಂದ ಬಂದ ಕಾಗದಗಳ ಚೀಲ, ಇವನ್ನೆಲ್ಲ ಹೇರಿಕೊಂಡು ಬೆಟ್ಟದ ದಾರಿಯಲ್ಲಿ ಹತ್ತಿ ಇಳಿದು, ಹತ್ತಿ ಇಳಿದು ಅರ್ಧ ಆಯಸ್ಸು ಸವೆಸಿದವರು. ಬಂದೂಕು ಕೊಟ್ಟಿದ್ದರು, ಇಲ್ಲವೆನ್ನಲಾಗದು. ಆದರೆ ಅವರು ಅದಕ್ಕೆ ಹೆಚ್ಚಾಗಿ ಮಾಡಿದ್ದು ಎಣ್ಣೆ ಹಚ್ಚಿ ಒರೆಸುವ ಸೇವೆ. ಕರ್ನಲ್ ಪದವಿ ಸಿಕ್ಕಿದ್ದು ನಿವೃತ್ತಿಯ ಮೇಲೆ, ಅದೂ ತರಕಾರಿ ಆರಿಸುವ ಹೆಂಗಸರ ಕೈಯಿಂದ. ಮೊದಲ ದಿನ ಇಸ್ತ್ರಿ ಮಾಡಿದ ಅಂಗಿ, ಮಿರಮಿರ ಮಿಂಚುವ ಬೂಟು ಹಾಕಿಕೊಂಡು ಬಂದು ಟೊಮ್ಯಾಟೊ ಬುಟ್ಟಿಗಳ ಮುಂದೆ ಎದೆ ಸೆಟೆಸಿ ನಿಂತರಲ್ಲ, ಯಾರೋ ಒಬ್ಬಾಕೆ, "ಕರ್ನಲ್ ಸಾಹೇಬ್ರು ಬಂದ್ರು, ಟೊಮ್ಯಾಟೊಗಳೆಲ್ಲ ಸಾಲಾಗಿ ನಿಂತ್ಕೊಳ್ಳಿ" ಅಂದುಬಿಟ್ಟಳು. ಸರ್ಕಾರ ಕೊಡದೆ ಉಳಿಸಿದ ಬಡ್ತಿ ಅಲ್ಲಿಗೆ ಬಂದುಬಿಟ್ಟಿತು.

ಅವರು ಹೀಗೆ ಬಂದು ನಿಂತ ಜಾಗ ಹಿಂದೊಮ್ಮೆ ಮುದ್ರಣಾಲಯವಾಗಿದ್ದ ಉದ್ದನೆಯ ಶೆಡ್ಡು. ಗೋಡೆಗೆ ಹತ್ತಿದ ಮಸಿ ಎಷ್ಟು ಸುಣ್ಣ ಬಳಿದರೂ ಹೋಗಿಲ್ಲ. ನಡುವೆ ಸ್ಟೀಲಿನ ಎರಡು ದೊಡ್ಡ ಮೇಜು, ಒಂದು ಮೂಲೆಯಲ್ಲಿ ಪಾತ್ರೆ ತೊಳೆಯುವ ತೊಟ್ಟಿ, ಬಾಗಿಲ ಬಳಿ ಬಿಳಿ ವ್ಯಾನು. ಹೋಟೆಲು, ಕಚೇರಿಯ ಕ್ಯಾಂಟೀನು, ಔತಣದ ಸಭಾಂಗಣ, ಇಲ್ಲೆಲ್ಲ ಬಡಿಸದೆ ಉಳಿದ ಅಡುಗೆಯನ್ನು, ಮಾರುಕಟ್ಟೆಯಲ್ಲಿ ಮಾರದೆ ಉಳಿದ ತರಕಾರಿಯನ್ನು ತಿಪ್ಪೆಗೆ ಹೋಗುವ ಮೊದಲೇ ತಂದು, ಪರೀಕ್ಷಿಸಿ, ಊಟ ಬೇಕಾದ ಕಡೆಗೆ ಮುಟ್ಟಿಸುವುದು ಈ ಶೆಡ್ಡಿನ ಕೆಲಸ. ವೃದ್ಧಾಶ್ರಮಕ್ಕೊಂದಿಷ್ಟು, ಮಕ್ಕಳ ಆಸ್ಪತ್ರೆಯ ವರಾಂಡದಲ್ಲಿ ರೋಗಿಗಳನ್ನು ಕಾದು ಕುಳಿತವರಿಗೊಂದಿಷ್ಟು. ಇದನ್ನು ಶುರುಮಾಡಿದವರು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಹೆಂಗಸು. ಎಲ್ಲರಿಗೂ ಅವರು ಟೀಚರ್. ಮಕ್ಕಳು ಎದುರಿಗಿಲ್ಲದಿದ್ದರೂ ಟೀಚರ್ ಕೈಯಲ್ಲಿ ಒಂದು ಸೀಮೆಸುಣ್ಣ ಇದ್ದಂತೆಯೇ ಮಾತಾಡುತ್ತಾರೆ.

ಟೀಚರ್ ಮಾಡಿದ ನಿಯಮಗಳು ಬೇಕಾದಷ್ಟಿವೆ, ಆದರೆ ಎಲ್ಲಕ್ಕೂ ದೊಡ್ಡದು ಎರಡು ಮೂಗಿನ ನಿಯಮ. ಯಾವ ಪಾತ್ರೆಯೂ ಎರಡು ಮೂಗು ದಾಟದೆ ತಟ್ಟೆ ಸೇರಬಾರದು. ಅಡುಗೆ ಕೊಟ್ಟವರ ಬಾಗಿಲಲ್ಲೇ ಮುಚ್ಚಳ ತೆಗೆದು ಮೂಸಿ 'ಸರಿ' ಅನ್ನುವುದು ಮೊದಲ ಮೂಗು. ಶೆಡ್ಡಿಗೆ ಬಂದ ಮೇಲೆ ಮತ್ತೆ ಮೂಸಿ 'ಸರಿ' ಅನ್ನುವುದು ಎರಡನೆಯದು. ಇಬ್ಬರಲ್ಲಿ ಒಬ್ಬರಿಗೆ ಅನುಮಾನ ಬಂದರೂ ಪಾತ್ರೆ ಬರಿದಾಗಬೇಕು. ಅದರ ಮೇಲೆ ಚರ್ಚೆಯಿಲ್ಲ. "ಮೂಗುಗಳು ವಾದ ಮಾಡೋ ಹಾಗಿಲ್ಲ" ಅನ್ನುತ್ತಿದ್ದರು ಟೀಚರ್.

ವ್ಯಾನು ಓಡಿಸುವ ಕರ್ನಲ್ ಮೊದಲ ಮೂಗು. ಎರಡನೆಯ ಮೂಗು ದೊಡ್ಡಕ್ಕನದು. ದೊಡ್ಡಕ್ಕ ಒಂದು ಕಾಲದಲ್ಲಿ ಆಸ್ಪತ್ರೆಯೊಂದರ ಅಡುಗೆಮನೆಯನ್ನು ಆಳಿದವರು. ಆಳಿದವರು ಅನ್ನುವುದೇ ಸರಿಯಾದ ಮಾತು, ಅವರು ನಡೆದು ಬಂದರೆ ಸೌಟುಗಳೂ ಸದ್ದಡಗಿ ಕೂರುತ್ತಿದ್ದವಂತೆ. ಕೋಪ ಸದಾ ಮೂಗಿನ ತುದಿಯಲ್ಲೇ. ಆದರೆ ಆ ಮೂಗಿನಷ್ಟು ನಂಬಿಕಸ್ಥ ಮೂಗು ಶೆಡ್ಡಿನಲ್ಲಿ ಇನ್ನೊಂದಿಲ್ಲ.

ನಿಜವಾಗಿಯೂ ಇನ್ನೊಂದಿರಲಿಲ್ಲ. ಏಕೆಂದರೆ ಕರ್ನಲ್ ಸಾಹೇಬರ ಮೂಗು ಸತ್ತು ವರ್ಷಗಳೇ ಆಗಿದ್ದವು.

ಬೆಟ್ಟದ ಒಂದು ತಿರುವಿನಲ್ಲಿ ಲಾರಿ ಮಗುಚಿದಾಗ ಹಣೆಗೆ ಪೆಟ್ಟು ಬಿದ್ದಿತ್ತು. ಎಚ್ಚರವಾದಾಗ ಕೈಕಾಲು ಆಡುತ್ತಿದ್ದವು, ಕಣ್ಣು ಕಾಣುತ್ತಿತ್ತು, ಹೆಂಡತಿಯ ಹೆಸರು ನೆನಪಿತ್ತು. ವಾಸನೆ ಮಾತ್ರ ಇರಲಿಲ್ಲ. ಡೀಸೆಲ್ಲೂ ಒಂದೇ, ಸೋಪೂ ಒಂದೇ, ಹೂವೂ ಒಂದೇ. ವೈದ್ಯರು, "ಬಂದರೆ ಬರಬಹುದು, ಬರದಿದ್ದರೆ ಇಲ್ಲ" ಎಂದು ಬಹಳ ಓದಿದವರ ಗಾಂಭೀರ್ಯದಲ್ಲಿ ಹೇಳಿದರು. ಬರಲಿಲ್ಲ. ಊಟ ಅಂದರೆ ಉಪ್ಪು, ಖಾರ, ಬಿಸಿ, ಅಷ್ಟೇ ಆಗಿ ಉಳಿಯಿತು. ಕರ್ನಲ್ ಇದಕ್ಕಾಗಿ ಯಾರನ್ನೂ ಬೈಯಲಿಲ್ಲ. ಜೊತೆಯಲ್ಲಿದ್ದವನೊಬ್ಬ ಕಿಟಕಿಯ ಗಾಜು ಒಡೆದು ಅವರನ್ನು ಹೊರಗೆಳೆದಿದ್ದ. ಜೀವದ ಲೆಕ್ಕದಲ್ಲಿ ಒಂದು ಮೂಗು ಹೋದದ್ದು ಅವರಿಗೆ ದೊಡ್ಡದಾಗಿ ಕಾಣಲಿಲ್ಲ. "ನನ್ನ ಅದೃಷ್ಟ ನೋಡಿ, ಇನ್ನು ನಾನು ಏನು ಸೀಯಿಸಿದ್ರೂ ನಡೆಯುತ್ತೆ" ಎಂದು ಹೆಂಡತಿ ನಕ್ಕಿದ್ದಳು. ಅವಳು ಆಮೇಲೆ ಸ್ನಾನದ ಮನೆಗೆ ಹೋಗಿ ಅತ್ತದ್ದು ಅವರಿಗೆ ಗೊತ್ತು.

ಹಾಗಿದ್ದ ಮೇಲೆ ಮೂಗಿನ ಕೆಲಸಕ್ಕೆ ಯಾಕೆ ಸೇರಿದರು ಅಂತೀರಾ? ನಿವೃತ್ತಿಯಾಗಿ ಬಂದವರಿಗೆ ಮೊದಲು ಸಿಕ್ಕಿದ್ದು ಅಂಗಡಿ ಸಂಕೀರ್ಣವೊಂದರ ಕಾವಲು. ಅಲ್ಲಿ ಇಡೀ ದಿನ ಯಾರ್ಯಾರದೋ ಕಾರಿಗೆ ಸಲಾಮು ಹೊಡೆಯಬೇಕು. ಸೇನೆಯಲ್ಲಿ ಮನುಷ್ಯರಿಗೆ ಹೊಡೆದ ಸಲಾಮನ್ನು ಇಲ್ಲಿ ಬಂಪರಿಗೆ ಹೊಡೆಯುವುದೇ ಎಂದು ಬಿಟ್ಟು ಬಂದರು. ಮನೆಯಲ್ಲಿ ಕೂತರು. ಮನೆಯಲ್ಲಿ ಕೂತ ಸೈನಿಕನಷ್ಟು ಅಪಾಯಕಾರಿ ಪ್ರಾಣಿ ಇನ್ನೊಂದಿಲ್ಲ. ಹೆಂಡತಿ ಬಟ್ಟೆ ಹೊಲಿಯುವವಳು. ಅವಳ ದಾರದುಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದರು, ಆಮೇಲೆ ದಪ್ಪದ ಪ್ರಕಾರ ಜೋಡಿಸಿದರು, ಕತ್ತರಿಗಳಿಗೆ ಗೋಡೆಯ ಮೇಲೆ ಮೊಳೆ ಹೊಡೆದು ಜಾಗ ಗೊತ್ತುಮಾಡಿದರು. ಅವಳಿಗೆ ಬೇಕಾದ ಒಂದೇ ಒಂದು ವಸ್ತು ಕೈಗೆ ಸಿಗದ ಹಾಗಾಯಿತು. ಅವಳು ನೆರೆಯವರ ಕೈಕಾಲು ಹಿಡಿಯುವುದೊಂದು ಬಾಕಿ: "ಇವರಿಗೆ ಏನಾದ್ರೂ ಕೆಲಸ ಕೊಡ್ಸಿ, ಪುಣ್ಯ ಬರುತ್ತೆ."

ಹಾಗೆ ಶೆಡ್ಡಿಗೆ ಹೋದರು. ಟೀಚರ್ ಗಾಡಿ ಓಡಿಸುವ ಬಗ್ಗೆ ಕೇಳಿ, ಕೊನೆಗೆ, "ಮೂಗು ಚುರುಕಾಗಿದೆ ತಾನೇ?" ಅಂದರು. ಮೇಲಿನವರು ಕೇಳಿದ ಪ್ರಶ್ನೆಗೆ 'ಹೌದು' ಅನ್ನುವುದು ಇಪ್ಪತ್ತೈದು ವರ್ಷದ ಅಭ್ಯಾಸ. ಬಾಯಿ ತಾನಾಗಿಯೇ "ಹೌದು ಮೇಡಂ" ಅಂದುಬಿಟ್ಟಿತು. ಅದನ್ನು ಮಾರನೆಯ ದಿನ ತಿದ್ದಬಹುದಾಗಿತ್ತು. ಆದರೆ ಮಾರನೆಯ ದಿನ ಅವರು ವೃದ್ಧಾಶ್ರಮಕ್ಕೆ ವ್ಯಾನು ತಂದು ನಿಲ್ಲಿಸಿದಾಗ ಬಾಗಿಲ ಬಳಿ ಮುದುಕರ ಒಂದು ಗುಂಪು ಕಾದು ನಿಂತಿತ್ತು. ಒಬ್ಬ ಅಜ್ಜಿ ಅವರ ಕೆನ್ನೆ ತಟ್ಟಿ, "ಬಂದ್ಯಾ ಮಗಾ?" ಅಂದಳು. ಯಾರೋ ತಮ್ಮನ್ನು ಕಾಯುತ್ತಾರೆ, ತಾವು ಹೋಗದಿದ್ದರೆ ಒಂದು ಕಡೆ ಊಟ ನಿಲ್ಲುತ್ತದೆ ಎಂಬುದು ಅವರಿಗೆ ಎಷ್ಟು ಸುಖ ಕೊಟ್ಟಿತೆಂದರೆ, ಮೂಗಿನ ಮಾತು ನಾಲಿಗೆಯ ಮೇಲೆ ಬರಲೇ ಇಲ್ಲ. ಪ್ರತಿದಿನ ಬೆಳಿಗ್ಗೆ ವ್ಯಾನಿನ ಬಾಗಿಲು ತೆಗೆಯುವಾಗ ಒಂದು ಕ್ಷಣ ಕಣ್ಣು ಮುಚ್ಚಿ ಕೃತಜ್ಞತೆ ಹೇಳಿಕೊಳ್ಳುತ್ತಿದ್ದರು. ಯಾರಿಗೆ ಎಂದು ಅವರಿಗೇ ಗೊತ್ತಿರಲಿಲ್ಲ.

ಮೂಗಿಲ್ಲದೆ ಹೇಗೆ ನಿಭಾಯಿಸಿದರು? ಮುಚ್ಚಳ ತೆಗೆದು ಬಗ್ಗುತ್ತಿದ್ದರು, ನೊರೆ ಇದೆಯೇ, ಗುಳ್ಳೆ ಇದೆಯೇ ಎಂದು ಕಣ್ಣಲ್ಲಿ ನೋಡುತ್ತಿದ್ದರು, ಪಾತ್ರೆಯ ಬಿಸಿಯನ್ನು ಬೆರಳಲ್ಲಿ ಮುಟ್ಟುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಅಡುಗೆಯವನ ಮುಖವನ್ನು ಓದುತ್ತಿದ್ದರು. ಕೆಟ್ಟ ಅಡುಗೆಯ ಮುಚ್ಚಳ ತೆಗೆದಾಗ ಅದನ್ನು ಮಾಡಿದವನ ಮೂಗು ಒಂದಿಷ್ಟು ಸೊಟ್ಟಗಾಗದೆ ಇರುವುದಿಲ್ಲ. ಮಿಕ್ಕಿದ್ದಕ್ಕೆ ದೊಡ್ಡಕ್ಕ ಇದ್ದರು. ಅವರು ಅನುಮಾನ ಪಟ್ಟ ಪಾತ್ರೆಗಳನ್ನು ಕರ್ನಲ್ ಒಂದು ಮಾತಿಲ್ಲದೆ ಸುರಿದು ಬರುತ್ತಿದ್ದರು. ಎಷ್ಟು ವಿಧೇಯ ಮನುಷ್ಯ ಎಂದು ದೊಡ್ಡಕ್ಕನಿಗೆ ಅವರ ಮೇಲೆ ಒಳಗೊಳಗೇ ಮೆಚ್ಚುಗೆ.

ಹೀಗೇ ಕೆಲವು ವರ್ಷ ನಡೆದುಕೊಂಡು ಹೋಯಿತು. ಒಂದು ದಿನ ಹೋಟೆಲೊಂದರ ಹಿಂಬಾಗಿಲಲ್ಲಿ ಎರಡು ಪಾತ್ರೆ ಸಿದ್ಧವಿದ್ದವು. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಕೆನೆ ಹಾಕಿ ಬೇಯಿಸಿದ ತರಕಾರಿ. ಕೊಡಲು ಬಂದವನು ಹೊಸಬ, ಮುಖಕ್ಕೆ ಮಾಸ್ಕು ಹಾಕಿದ್ದ. ಓದುವುದಕ್ಕೆ ಮುಖವೇ ಇಲ್ಲ. ತರಕಾರಿ ನೋಡುವುದಕ್ಕೆ ಚೆನ್ನಾಗಿತ್ತು, ಬಿಸಿಯೂ ಇತ್ತು. ಕರ್ನಲ್ ಬಗ್ಗಿ, ಉಸಿರೆಳೆದು, "ಸರಿ" ಅಂದರು. ಶೆಡ್ಡಿನಲ್ಲಿ ದೊಡ್ಡಕ್ಕನೂ ಬಗ್ಗಿದರು, ಮಾತಾಡದೆ ಕೈಯಲ್ಲೇ 'ಸರಿ' ಎಂದು ಸನ್ನೆ ಮಾಡಿದರು. ಎರಡೂ ಪಾತ್ರೆಗಳನ್ನು ಕರ್ನಲ್ ವೃದ್ಧಾಶ್ರಮಕ್ಕೆ ಇಳಿಸಿ ಬಂದರು.

ಮುಂದಿನ ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ ದೊಡ್ಡಕ್ಕನ ಫೋನು ಬಂತು. ಖಾಲಿ ಬುಟ್ಟಿಗಳನ್ನು ಮರೆಯದೆ ತನ್ನಿ ಅನ್ನುವುದಕ್ಕೆ. ಆದರೆ ದನಿ ಬಾವಿಯೊಳಗಿಂದ ಬಂದಂತಿತ್ತು.

"ಅಕ್ಕಾ, ಗಂಟಲು ಯಾಕೆ ಹೀಗಿದೆ?"

"ಶೀತ ಕಣ್ರೀ. ನಿನ್ನೆಯಿಂದ ಮೂಗು ಕಟ್ಕೊಂಡು ಕೂತಿದೆ. ಟೀಚರ್‌ಗೆ ಹೇಳ್ಬೇಡಿ, ಪಾತ್ರೆ ತೊಳೆಯೋ ಕೆಲಸಕ್ಕೆ ಹಾಕ್ತಾರೆ. ನೀವು ಮೂಸಿದ್ರಲ್ಲ, ಸಾಕು ಬಿಡಿ."

ಕರ್ನಲ್ ಬ್ರೇಕು ಒತ್ತಿದ ರಭಸಕ್ಕೆ ಹಿಂದಿನ ಕಾರಿನವನು ಬಾಯಿಗೆ ಬಂದಂತೆ ಬೈದ. ಕರ್ನಲ್‌ಗೆ ಕೇಳಿಸಲಿಲ್ಲ. ಆ ಪಾತ್ರೆಗಳನ್ನು ಯಾರೂ ಮೂಸಿರಲಿಲ್ಲ. ಎರಡು ಮೂಗಿನ ನಿಯಮ, ಮೂಗು ಸೊನ್ನೆ. ಆಶ್ರಮದ ನರ್ಸಮ್ಮನಿಗೆ ಫೋನು ಮಾಡಿದರು, ಎತ್ತಲಿಲ್ಲ. ಬಡಿಸುವ ಹೊತ್ತಿನಲ್ಲಿ ಯಾರು ಎತ್ತುತ್ತಾರೆ? ಗಾಡಿ ತಿರುಗಿಸಿದರು. ಬೆಟ್ಟದ ತಿರುವುಗಳಲ್ಲೂ ಅವರು ಅಷ್ಟು ಹೆದರಿಕೊಂಡು ಸ್ಟಿಯರಿಂಗ್ ಹಿಡಿದಿರಲಿಲ್ಲ. ಕೆನ್ನೆ ತಟ್ಟಿದ ಅಜ್ಜಿಯ ಮುಖ ಕಣ್ಣಮುಂದೆ ಬಂತು.

ಊಟದ ಮನೆಯಲ್ಲಿ ಅನ್ನ ಆಗಲೇ ಬಡಿಸಿಯಾಗಿತ್ತು. ನರ್ಸಮ್ಮ ತರಕಾರಿಯ ಪಾತ್ರೆಗೆ ಕೈ ಹಾಕುತ್ತಿದ್ದಳು.

"ನಿಲ್ಸಿ! ಅದನ್ನ ಬಡಿಸ್ಬೇಡಿ!"

"ಯಾಕೆ? ನೀವೇ ತಂದಿದ್ದಲ್ವಾ?"

"ಅದು... ಅನುಮಾನ."

ನರ್ಸಮ್ಮ ಮುಚ್ಚಳ ಸರಿಸಿ ಬಗ್ಗಿದವಳು ಬಿಸಿ ತಾಗಿದಂತೆ ಹಿಂದೆ ಸರಿದಳು. "ಅಯ್ಯೋ, ಹುಳಿ ಬಂದಿದೆ! ಕೆನೆ ಕೆಟ್ಟುಹೋಗಿದೆ!" ಆಮೇಲೆ ಕರ್ನಲ್ ಕಡೆಗೆ ತಿರುಗಿದಳು. ಆ ನೋಟದಲ್ಲಿ ಭಕ್ತಿಯೇ ಇತ್ತು. "ಅಷ್ಟು ದೂರ ಹೋದ ಮೇಲೂ ನೆನಪಾಗಿ ವಾಪಸ್ ಬಂದ್ರಾ? ಎಂಥಾ ಮೂಗು ಸ್ವಾಮಿ ನಿಮ್ದು!"

ಮುದುಕರು ಆ ದಿನ ಬಡಿಸಿದ ಅನ್ನಕ್ಕೆ ಬೇಯಿಸಿದ ಮೊಟ್ಟೆ ಸೇರಿಸಿಕೊಂಡು, ಮೇಲೊಂದು ಬಾಳೆಹಣ್ಣು ತಿಂದು, ಏನೂ ಆಗದವರಂತೆ ಮಲಗಿದರು. ಕರ್ನಲ್ ವ್ಯಾನಿನಲ್ಲಿ ಕೂತು ಬಹಳ ಹೊತ್ತು ಸ್ಟಿಯರಿಂಗಿಗೆ ಹಣೆ ಹಚ್ಚಿದ್ದರು. ಯಾರಿಗೂ ಏನೂ ಆಗಲಿಲ್ಲವಲ್ಲ ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡರು.

ಶೆಡ್ಡಿಗೆ ಅವರಿಗಿಂತ ಮೊದಲು ಸುದ್ದಿ ಮುಟ್ಟಿತ್ತು. ಹೆಂಗಸರು ಚಪ್ಪಾಳೆ ತಟ್ಟಿದರು. ಟೀಚರ್ ಅಂತೂ ಹಿಗ್ಗಿ ಹೀರೇಕಾಯಿಯಾಗಿದ್ದರು. ಕರ್ನಲ್ ಬಾಯಿ ತೆರೆಯುವ ಮೊದಲೇ ಎರಡು ಆಜ್ಞೆ ಹೊರಬಿದ್ದವು. ಒಂದು, ಮಾರನೆಯ ದಿನ ಹೊಸದಾಗಿ ಸೇರುವವರಿಗೆ ಮೂಸುವುದು ಹೇಗೆಂದು ಕರ್ನಲ್ ಸಾಹೇಬರೇ ಪಾಠ ಮಾಡಬೇಕು. ಎರಡು, "ಇನ್ಮೇಲೆ ಕರ್ನಲ್ ಮೂಸಿದ ಪಾತ್ರೆ ಶೆಡ್ಡಲ್ಲಿ ನಿಲ್ಲೋದು ಬೇಡ. ಇಂಥಾ ಮೂಗಿಗೆ ಎರಡನೇ ಮೂಗು ಯಾಕೆ? ನೇರವಾಗಿ ಹೋಗ್ಲಿ, ಮಕ್ಕಳ ಆಸ್ಪತ್ರೆಗೆ ಬಿಸಿಬಿಸಿಯಾಗೇ ಮುಟ್ಲಿ." ದೊಡ್ಡಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡರು.

ಸಂಜೆ ಮನೆಯಲ್ಲಿ ಹೆಂಡತಿ ಮೆಷಿನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಮೊದಲು ಅವಳಿಗೂ ನಗು ಬಂತು. 'ಮಕ್ಕಳ ಆಸ್ಪತ್ರೆ' ಅಂದಾಗ ನಗು ನಿಂತಿತು.

"ಇಷ್ಟು ದಿನ ಆ ಅಕ್ಕನ ಮೂಗಿನ ಹಿಂದೆ ಅಡಗಿದ್ರಿ. ನಾಳೆಯಿಂದ ಯಾರ ಹಿಂದೆ ಅಡಗ್ತೀರಿ?"

"ಹೇಳಿದ್ರೆ ಕಳಿಸಿಬಿಡ್ತಾರೆ ಕಣೇ."

"ಕಳಿಸ್ಬಹುದು."

"ಅವರು ನನಗೆ ಬಾಳು ಕೊಟ್ಟೋರು. ಆ ಬಾಗಿಲಿಂದ ಹೊರಗೆ ಬಂದ್ರೆ ನಾನು ಎಲ್ಲಿಗೆ ಹೋಗ್ಲಿ?"

"ಬಾಳು ಕೊಟ್ಟೋರಿಗೆ ವಾಪಸ್ ಏನು ಕೊಡ್ತಿದೀರಿ, ಅದನ್ನ ಯೋಚನೆ ಮಾಡಿ" ಅಂದಳು. ಆಮೇಲೆ ತಾನೇ ಕರಗಿ, ಹತ್ತಿರ ಬಂದು ಅವರ ತಲೆಯ ಮೇಲೆ ಕೈಯಿಟ್ಟಳು. "ಕಳಿಸಿದ್ರೆ ಮನೆಗೆ ಬನ್ನಿ. ಕತ್ತರಿ ಮಾತ್ರ ಮುಟ್ಬೇಡಿ."

ಬೆಳಿಗ್ಗೆ ಶೆಡ್ಡಿನ ಮೇಜಿನ ಸುತ್ತ ಹೊಸಬರೂ ಹಳಬರೂ ನಿಂತಿದ್ದರು. ಪಾಠಕ್ಕೆಂದು ಟೀಚರ್ ಒಂದು ಲೋಟ ಹಾಲನ್ನು ಹಿಂದಿನ ದಿನದಿಂದ ಬಿಸಿಲಲ್ಲಿಟ್ಟು ಚೆನ್ನಾಗಿ ಕೆಡಿಸಿ ತಂದಿದ್ದರು. ಕರ್ನಲ್ ನೇರವಾಗಿ ನಿಂತರು.

"ಟೀಚರ್, ನನಗೆ ವಾಸನೆ ಬರಲ್ಲ. ಸೇನೆಯಲ್ಲಿ ತಲೆಗೆ ಪೆಟ್ಟು ಬಿದ್ದಾಗಿನಿಂದ ಬರಲ್ಲ. ಇಲ್ಲಿ ಸೇರಿದ ದಿನದಿಂದ ನಾನು ಒಂದು ಪಾತ್ರೆನೂ ಮೂಸಿಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ದೊಡ್ಡವರು ವಿನಯ ತೋರಿಸುತ್ತಿದ್ದಾರೆ ಎಂದುಕೊಂಡರು. ಕರ್ನಲ್ ಲೋಟ ಎತ್ತಿದರು, ಮೂಗಿನ ಕೆಳಗೆ ಹಿಡಿದರು, ಎದೆ ತುಂಬ ಉಸಿರೆಳೆದುಕೊಂಡರು. ಮತ್ತೆ ಎಳೆದುಕೊಂಡರು. ಮೇಜಿನ ಆಚೆ ತುದಿಯಲ್ಲಿದ್ದವರು ಸೆರಗು, ಕರ್ಚೀಫು ಹುಡುಕುತ್ತಿದ್ದರೆ, ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಗು ಒಂದೊಂದಾಗಿ ಆರಿತು.

ಮೊದಲು ಸಿಡಿದವರು ದೊಡ್ಡಕ್ಕ. "ಅಂದ್ರೆ ಇಷ್ಟು ವರ್ಷ ನಾನೊಬ್ಬಳೇ ಮೂಸಿದ್ದಾ? ಅಷ್ಟೂ ಜನರ ಹೊಟ್ಟೆ ನನ್ನ ಒಬ್ಬಳ ಮೂಗಿನ ಮೇಲಿತ್ತಾ? ನನಗೇ ಗೊತ್ತಿಲ್ಲದ ಹಾಗೆ? ನಿಮ್ಮನ್ನ ನಂಬ್ಕೊಂಡು ನಾನು ನಿನ್ನೆ ಶೀತ ಇದ್ರೂ ಸರಿ ಅಂದೆನಲ್ರೀ!"

ಟೀಚರ್ ತಲೆ ನಿಧಾನವಾಗಿ ಆ ಕಡೆಗೆ ತಿರುಗಿತು. "ಶೀತ ಇತ್ತಾ?"

ದೊಡ್ಡಕ್ಕನ ಬಾಯಿ ಕಟ್ಟಿತು. ಅವರ ಬಾಯಿ ಕಟ್ಟಿದ್ದನ್ನು ಶೆಡ್ಡು ಮೊದಲ ಸಲ ಕಂಡಿತು.

ಕರ್ನಲ್ ವ್ಯಾನಿನ ಬೀಗದಕೈಯನ್ನು ಮೇಜಿನ ಮೇಲಿಟ್ಟರು. ಟೀಚರ್ ಅದನ್ನು ನೋಡಿದರು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. "ಅಲ್ಲಿ ಒಬ್ಬರಿಗೆ ಏನಾದ್ರೂ ಆಗಿದ್ದಿದ್ರೆ ನಾನು ಈ ಬಾಗಿಲು ಮುಚ್ಚಿಬಿಡ್ತಿದ್ದೆ. ಗೊತ್ತಾ ನಿಮಗೆ?"

"ಗೊತ್ತು ಟೀಚರ್."

"ನಿನ್ನೆ ಸುಮ್ನಿದ್ದಿದ್ರೆ ನಿಮಗೆ ಹಾರ ಹಾಕ್ತಿದ್ವಿ. ಯಾಕೆ ಹೇಳಿದ್ರಿ?"

"ಇಲ್ಲಿ ನನಗೆ ಒಳ್ಳೇದಾಗಿದೆ" ಅಂದರು ಕರ್ನಲ್. "ಅದಕ್ಕೆ."

ಟೀಚರ್ ಬೀಗದಕೈಯನ್ನು ಅವರ ಕಡೆಗೇ ನೂಕಿದರು. "ಇದನ್ಯಾಕೆ ಕೊಡ್ತೀರಿ? ಮೂಗಿನಿಂದ ಗಾಡಿ ಓಡಿಸ್ತಿದ್ರಾ? ಓಡಿಸಿ. ಮೂಸೋದಕ್ಕೆ ಜೊತೆಗೆ ಬೇರೆಯವರು ಬರ್ತಾರೆ. ಹೋಗೋ ಪ್ರತಿ ಅಡುಗೆಮನೆಯಲ್ಲೂ, ನನ್ನ ಮೂಗು ಕೆಲಸ ಮಾಡಲ್ಲ, ಇವರು ಮೂಸ್ತಾರೆ ಅಂತ ನೀವೇ ಬಾಯಿಬಿಟ್ಟು ಹೇಳ್ಬೇಕು. ಅದು ಶಿಕ್ಷೆ." ಆಮೇಲೆ ಎಲ್ಲರ ಕಡೆಗೂ ತಿರುಗಿದರು. ತಪ್ಪು ತಮ್ಮ ನಿಯಮದಲ್ಲೂ ಇದೆ ಎಂದು ಅವರಿಗೆ ಹೊಳೆದಿತ್ತು. ಮೂಗಿಲ್ಲದವರೂ, ಮೂಗು ಕಟ್ಟಿದವರೂ ಹೇಳಬಹುದಾದ ಮಾತು 'ಸರಿ'. "ಇವತ್ತಿನಿಂದ ಸರಿ ಅನ್ನೋ ಹಾಗಿಲ್ಲ. ಏನು ವಾಸನೆ ಬಂತು, ಅದನ್ನ ಜೋರಾಗಿ ಹೇಳ್ಬೇಕು. ಇಬ್ಬರೂ ಹೇಳ್ಬೇಕು. ಎರಡೂ ತಾಳೆಯಾದ್ರೆ ಮಾತ್ರ ಪಾತ್ರೆ ಹೊರಗೆ."

ಕರ್ನಲ್ ಬೀಗದಕೈ ಎತ್ತಿಕೊಂಡು ತೊಟ್ಟಿಯ ಹಿಂದೆ ಹೋಗಿ ಮುಖ ತೊಳೆದರು. ತೊಳೆದಷ್ಟೂ ಮತ್ತೆ ಒದ್ದೆಯಾಯಿತು.

ಶಿಕ್ಷೆ ಸುಲಭದ್ದಾಗಿರಲಿಲ್ಲ. ಒಬ್ಬ ಬಾಣಸಿಗ ಬಿದ್ದು ಬಿದ್ದು ನಕ್ಕ, ಇನ್ನೊಬ್ಬ ಇಷ್ಟು ದಿನ ಮೋಸ ಮಾಡಿದ್ರಲ್ಲ ಎಂದು ಮುಖ ತಿರುಗಿಸಿದ. ಕರ್ನಲ್ ಎರಡನ್ನೂ ನಿಂತು ತೆಗೆದುಕೊಂಡರು. ಅದಕ್ಕಿಂತ ಕಷ್ಟವಾದದ್ದು ದೊಡ್ಡಕ್ಕನ ಮೌನ. ಶೀತ ಹೋಗಿ ಎರಡನೆಯ ಮೂಗಿನ ಜಾಗಕ್ಕೆ ಮರಳಿದ್ದರೂ ಅವರು ಕರ್ನಲ್ ಜೊತೆ ಮಾತು ಬಿಟ್ಟಿದ್ದರು. ಪಾತ್ರೆ ಇಳಿಸುವಾಗ ಎದುರು ಬಂದರೆ ಗೋಡೆಯ ಮಸಿಯನ್ನು ನೋಡುತ್ತ ದಾಟುತ್ತಿದ್ದರು.

ಆದರೆ ನಿಯಮ ನಿಯಮ. ಮುಚ್ಚಳ ಹಿಡಿದು ನಿಲ್ಲುವವರು ಕರ್ನಲ್. ಮೂಸಿ ಜೋರಾಗಿ ಹೇಳಬೇಕಾದವರು ದೊಡ್ಡಕ್ಕ. ಮಾತು ಬಿಟ್ಟವರು ಗೋಡೆಗೆ ಹೇಳಿದರು.

"ಹುರಿದ ಈರುಳ್ಳಿ" ಅಂದರು ಗೋಡೆಗೆ. "ಬೆಣ್ಣೆಯಲ್ಲಿ ಹುರಿದಿದ್ದು, ಎಣ್ಣೆಯಲ್ಲಲ್ಲ. ಕುಟ್ಟಿದ ಮೆಣಸು. ಆಲೂಗಡ್ಡೆ ತಳ ಹಿಡಿದಿದೆ, ಸೀದಿಲ್ಲ, ಬರೀ ಕಂದು. ಹಾಳಾಗಿಲ್ಲ."

ಕರ್ನಲ್ ಮುಚ್ಚಳ ಹಿಡಿದುಕೊಂಡೇ ನಿಂತುಬಿಟ್ಟರು. ಹುರಿದ ಈರುಳ್ಳಿ. ಇಷ್ಟು ವರ್ಷ ಅವರ ಕೈಯಿಂದ ದಾಟಿ ಹೋದ ಸಾವಿರಾರು ಪಾತ್ರೆಗಳಿಗೆ ಇದ್ದದ್ದು ಬಿಸಿ ಮತ್ತು ಭಾರ ಮಾತ್ರ. ಒಳಗೆ ಏನಿತ್ತೆಂದು ಯಾರೂ ಅವರಿಗೆ ಹೇಳಿರಲಿಲ್ಲ, ಹೇಳುವ ಕಾರಣವೇ ಇರಲಿಲ್ಲ. ಬೆಣ್ಣೆ, ಈರುಳ್ಳಿ, ಕುಟ್ಟಿದ ಮೆಣಸು. ಮೂಗಿಗೆ ಏನೂ ಬರಲಿಲ್ಲ, ಆದರೂ ಬಾಯಲ್ಲಿ ನೀರೂರಿತು.

"ಇನ್ನೊಂದ್ಸಲ ಹೇಳಿ ಅಕ್ಕಾ."

"ಯಾಕೆ? ಮೂಗು ಹೋಗಿದ್ದು ಸಾಲ್ದು ಅಂತ ಕಿವಿನೂ ಹೋಯ್ತಾ?" ದೊಡ್ಡಕ್ಕ ಸಿಡುಕಿ ತಿರುಗಿದರು, ತಿರುಗಿ ಅವರ ಮುಖ ನೋಡಿದರು. ಸೆಟೆದು ನಿಂತ ಆ ಮನುಷ್ಯನ ಕಣ್ಣು ತುಂಬಿತ್ತು.

"ಕೇಳಿಸ್ತು" ಅಂದರು ಕರ್ನಲ್. "ಚೆನ್ನಾಗಿತ್ತು. ಅದಕ್ಕೇ ಕೇಳ್ದೆ."

ದೊಡ್ಡಕ್ಕ ಸೆರಗು ಸಿಕ್ಕಿಸಿಕೊಂಡು ಪಾತ್ರೆಯ ಮೇಲೆ ಮತ್ತೆ ಬಗ್ಗಿದರು, ಈ ಸಲ ಅವಸರವಿಲ್ಲದೆ. ಹೊರಗೆ ವ್ಯಾನಿನಲ್ಲಿ ಕೂತಿದ್ದ ಹೊಸ ಮೊದಲ ಮೂಗು ತಡವಾಯಿತೆಂದು ಹಾರನ್ನು ಒತ್ತಿತು.

"ಬರ್ತಾರೆ ಇರ್ರಿ!" ಎಂದು ದೊಡ್ಡಕ್ಕ ಬಾಗಿಲ ಕಡೆ ಕೂಗಿದರು. "ನಾನಿನ್ನೂ ಹೇಳಿ ಮುಗಿಸಿಲ್ಲ."